ಹಳ್ಳ ತಡೆದ ಎರಡು ರಾತ್ರಿ

ಪುಷ್ಯ ಮಳೆ ಒಂದಿಷ್ಟು ಉಸಿರು ಬಿಟ್ಟ ಬೆಳಿಗ್ಗೆ. ಮಾವ ಬಿಲ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ಒಳಗಿನ ಕೋಣೆಯಿಂದ ಬೆಂಗಳೂರಿನವರು ಬ್ಯಾಗು ತುಂಬುವ ಸದ್ದು ಬರುತ್ತಿತ್ತು. ಮಾವ ನನ್ನ ಕಡೆ ತಿರುಗಿ, “ಕೂಸೇ, ಎಷ್ಟು ರಾತ್ರಿ ಹೇಳಿ ಬರೆಯವು?” ಎಂದ.

ಅವರು ಬುಕ್ ಮಾಡಿದ್ದು ಎರಡು ರಾತ್ರಿಗೆ. ಉಳಿದದ್ದು ನಾಲ್ಕು ರಾತ್ರಿ. ಮೊದಲಿನೆರಡು ಅವರಾಗಿ ಬಂದು ಉಳಿದವು, ಕೊನೆಯೆರಡು ಹಳ್ಳ ಹಿಡಿದು ಕೂರಿಸಿದವು. ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ನಾನು ಧಾರವಾಡದಲ್ಲಿ ‘ಋಣ’ ಎಂಬ ಕಲ್ಪನೆಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ, ಎರಡು ಅಧ್ಯಾಯ ಮುಗಿದಿವೆ. ಯಾರು ಯಾರಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ನಾಲ್ಕು ವರ್ಷ ಶಿಷ್ಯವೇತನ ತಿಂದವಳು ಎರಡು ರಾತ್ರಿಯ ಲೆಕ್ಕವನ್ನಾದರೂ ಹೇಳಬಹುದು ಎಂದು ಮಾವನಿಗೆ ಅನಿಸಿದ್ದರೆ ತಪ್ಪಲ್ಲ. ನನಗೆ ಹೇಳಲಾಗಲಿಲ್ಲ. ಅಷ್ಟರಲ್ಲಿ ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟಿದ್ದಳು: “ಹಳ್ಳ ನಿಲ್ಸಿದ್ದಕ್ಕೆ ನಾವು ದುಡ್ಡು ತಗಂಬಲಾಗ.”

ನನ್ನ ಊರು ಸಿದ್ದಾಪುರ ತಾಲ್ಲೂಕು. ಮಾವನ ಮನೆ ಯಲ್ಲಾಪುರ ತಾಲ್ಲೂಕಿನ ಒಂದು ಕಣಿವೆಯಲ್ಲಿದೆ. ಊರಿನ ಹೆಸರು ಬೇಡ, ಇಂಥ ಊರು ಈ ಕಡೆ ಹತ್ತಾರಿವೆ. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳಲ್ಲ. ಎರಡು ಗುಡ್ಡದ ನಡುವೆ ನೀರು ಇರುವಲ್ಲಿ ಅಡಿಕೆ ತೋಟ, ತೋಟದ ತಲೆಗೆ ಒಂದೋ ಎರಡೋ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲಿ ಏಡಿ ಹಿಡಿಯುತ್ತಾರೆ. ಆರಿದ್ರಾ ಮಳೆ ಹಿಡಿದರೆ ಅದೇ ಹಳ್ಳ ಯಾರು ಎಲ್ಲಿಗೆ ಹೋಗಬಹುದು ಎಂದು ತೀರ್ಮಾನಿಸುತ್ತದೆ. ಮಾವನ ಮನೆಗೆ ಹೋಗುವ ಮಣ್ಣುರಸ್ತೆ ಸಿಮೆಂಟು ಪೈಪಿನ ಒಂದು ಮೋರಿಯ ಮೇಲೆ ಹಳ್ಳ ದಾಟುತ್ತದೆ. ಪಕ್ಕದಲ್ಲಿ ಅಡಿಕೆ ದಬ್ಬೆಯ ಕಾಲುಸಂಕ. ಜೋರು ಮಳೆಯಲ್ಲಿ ಮೋರಿ ಮುಳುಗುತ್ತದೆ, ಸಂಕವನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕಾಗುತ್ತದೆ. ಪೇಪರಿನವರು ಇಂಥ ಊರುಗಳ ಬಗ್ಗೆ ಪ್ರತಿ ಮಳೆಗಾಲವೂ ‘ದ್ವೀಪದಂತಾದ ಗ್ರಾಮ’ ಎಂದು ಬರೆಯುತ್ತಾರೆ.

ನಾನೂ ಬರೆದಿದ್ದೆ, ಬೇರೆ ಅರ್ಥದಲ್ಲಿ. ಕೊಳೆರೋಗ ಎರಡು ವರ್ಷ ಬೆನ್ನುಬೆನ್ನಿಗೆ ಬಂದು, ಮೇಲಿಂದ ಎಲೆಚುಕ್ಕೆ ರೋಗವೂ ಕಾಣಿಸಿ, ಮದ್ದು ಹೊಡೆಯುವ ಕೊನೆಗೌಡನನ್ನು ಹುಡುಕುವುದೇ ದೊಡ್ಡ ಕೆಲಸವಾದಾಗ ಮಾವ ಹೋಮ್‌ಸ್ಟೇ ಮಾಡುವ ಮನಸ್ಸು ಮಾಡಿದ. ಮಗ ಬೆಂಗಳೂರು ಸೇರಿಯಾಗಿತ್ತು. ಅಡಿಕೆ ಸುಲಿಯುತ್ತಿದ್ದ ಕಡೆ ಮೂರು ಕೋಣೆ ಎದ್ದವು. ಜಾಹೀರಾತು ಬರೆದುಕೊಡುವ ಕೆಲಸ ನನಗೆ ಬಂತು. ಹೇಗೆ ಬರೆಯಬೇಕೆಂದು ಗೊತ್ತಿಲ್ಲದೆ ಎಲ್ಲೆಲ್ಲಿಯದೋ ಸಮುದ್ರದ ನಡುವಿನ ದ್ವೀಪಗಳಲ್ಲಿರುವ ಇಕೋ ಲಾಡ್ಜುಗಳ ಜಾಹೀರಾತುಗಳನ್ನು ಓದಿದೆ. ಹತ್ತು ಓದುವಷ್ಟರಲ್ಲಿ ವರಸೆ ತಿಳಿಯಿತು. ಅವೆಲ್ಲ ಇರುವುದಕ್ಕಿಂತ ಇಲ್ಲದಿರುವುದನ್ನೇ ಹೇಳಿಕೊಳ್ಳುತ್ತವೆ. ನೆಟ್‌ವರ್ಕ್ ಇಲ್ಲ, ಟಿವಿ ಇಲ್ಲ, ರಸ್ತೆ ಇಲ್ಲ, ವಾರಕ್ಕೆ ಒಂದೇ ದೋಣಿ. ನಮ್ಮಲ್ಲಿ ಇಲ್ಲದ್ದಕ್ಕೆ ಕೊರತೆಯೇ! ‘ಕಾಡಿನ ನಡುವಿನ ದ್ವೀಪ’ ಎಂದು ತಲೆಬರಹ ಕೊಟ್ಟೆ. ‘ಫೋನು ಮೌನವಾಗುವ ಜಾಗ’, ‘ಹಳ್ಳ ದಾಟಿದರೆ ಜಗತ್ತು ಹಿಂದೆ ಉಳಿಯುತ್ತದೆ’ ಎಂದೆಲ್ಲ ಸೇರಿಸಿದೆ. ಬಿಎಸ್ಸೆನ್ನೆಲ್ ಟವರು ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಸಾಯುತ್ತದೆ ಎಂಬುದನ್ನೇ ಹಾಗೆ ಬರೆದದ್ದು. ಮಾವನಿಗೆ ಓದಿ ಹೇಳಿದಾಗ ಅವನು ನಕ್ಕ. “ಇದೇ ಮಾತನ್ನ ನಾನು ತಹಶೀಲ್ದಾರರಿಗೆ ಅರ್ಜೀಲಿ ಬರದ್ದೆ” ಎಂದ.

ಆ ನಗೆ ಆಗ ನನಗೆ ಸರಿಯಾಗಿ ಕೇಳಿಸಲಿಲ್ಲ.

ಬೆಂಗಳೂರಿನವರು ನಾಲ್ಕು ಜನ: ಗಂಡ, ಹೆಂಡತಿ, ಏಳು ವರ್ಷದ ಹುಡುಗಿ, ಗಂಡನ ತಾಯಿ. ಒಳ್ಳೆಯ ಜನ, ಇದನ್ನು ಮೊದಲೇ ಹೇಳಬೇಕು. ಇಂಥ ಬರಹಗಳಲ್ಲಿ ಪೇಟೆಯವರನ್ನು ಹಾಸ್ಯ ಮಾಡುವುದು ಸುಲಭ, ಆ ಸುಲಭದ ದಾರಿಗೆ ಅವರು ಅವಕಾಶ ಕೊಡಲಿಲ್ಲ. ಉಂಬಳಕ್ಕೆ ಹೆದರಲಿಲ್ಲ. ಅಪ್ಪೆಹುಳಿಯನ್ನು ಎರಡೆರಡು ಲೋಟ ಕುಡಿದರು. ಸಿಗಂದೂರಿಗೆ ಹೋಗಿ ಬಂದಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಷ್ಟೇ, 2025ರ ಜುಲೈ 14ರಂದು, ಉದ್ಘಾಟನೆಯಾಗಿತ್ತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಕಾರಿನಲ್ಲಿ ಹೋದೆವು, ಆದರೆ ಲಾಂಚಿನಲ್ಲಿ ಕಾರು ಹತ್ತಿಸಿಕೊಂಡು ಹೋಗುವ ಖುಷಿ ಮಗಳಿಗೆ ತಪ್ಪಿತು ಎಂದು ಗಂಡ ಹೇಳಿದ. ಮಾವ ಏನೂ ಹೇಳಲಿಲ್ಲ. ಮಾವನ ಅಕ್ಕನನ್ನು ಕೊಟ್ಟದ್ದು ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅರವತ್ತು ವರ್ಷ ಆ ಕಡೆಯವರ ದಿನ ಮುಗಿಯುತ್ತಿದ್ದದ್ದು ಸೂರ್ಯ ಮುಳುಗಿದಾಗಲ್ಲ, ಕೊನೆಯ ಲಾಂಚು ಹೊರಟಾಗ. ರಾತ್ರಿ ಹೆರಿಗೆ ನೋವು ಬಂದರೆ, ಎದೆ ಹಿಡಿದರೆ, ಬೆಳಗಾಗುವವರೆಗೆ ಕಾಯಬೇಕು, ಇಲ್ಲವೇ ಸುತ್ತು ದಾರಿ. ಪ್ರವಾಸಿಗೆ ಲಾಂಚು ನೆನಪಿನ ಫೋಟೊ. ಒಂದೇ ದೋಣಿಯಲ್ಲಿ ಪಕ್ಕಪಕ್ಕ ನಿಂತ ಇಬ್ಬರೂ ಬೇರೆಬೇರೆ ನೀರು ದಾಟುತ್ತಿದ್ದರು ಎಂದು ನನಗೆ ಅನಿಸುವುದುಂಟು. ಒಬ್ಬರಿಗೆ ಅದು ಒಂದು ಸಲದ ಮಾತು.

ಎರಡನೇ ರಾತ್ರಿ ಹಿಡಿದ ಮಳೆ ಬಿಡಲಿಲ್ಲ. ಬೆಳಿಗ್ಗೆ ನೋಡಿದರೆ ಮೋರಿ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ, ಕೆಂಪು ನೀರು ಮರದ ದಿಮ್ಮಿ ಹೊತ್ತು ಹೋಗುತ್ತಿತ್ತು. ದಬ್ಬೆ ಸಂಕದ ಒಂದು ತುದಿ ಮಾತ್ರ ದಡದ ಮಾವಿನ ಬೇರಿಗೆ ಕಟ್ಟಿಕೊಂಡು ಕುಣಿಯುತ್ತಿತ್ತು. ಹಿತ್ತಿಲ ಕಡೆಯಿಂದ ಬೆಟ್ಟ ಹತ್ತಿ ಐದು ಕಿಲೋಮೀಟರು ನಡೆದರೆ ಇನ್ನೊಂದು ಊರಿನ ಡಾಂಬರು ರಸ್ತೆ ಸಿಗುತ್ತದೆ. ಮಾವ, ನಾನು ಹೋಗಬಹುದು. ಎಪ್ಪತ್ತು ದಾಟಿದ, ಮಂಡಿ ನೋವಿನ ಆ ಅಮ್ಮ ಹೋಗಲಾರರು. ಕಾರು ಹೇಗೂ ಇಲ್ಲ. 2021ರ ಜುಲೈಯಲ್ಲಿ ಇದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಮಣ್ಣಾದದ್ದನ್ನು, ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದನ್ನು ಕಂಡ ಮೇಲೆ ಆ ಮಳೆಯಲ್ಲಿ ಯಾರನ್ನೂ ಗುಡ್ಡದ ದಾರಿಗೆ ಕಳಿಸುವ ಧೈರ್ಯ ಈ ಕಡೆ ಯಾರಿಗೂ ಇಲ್ಲ.

ಮೊದಲ ದಿನ ಎಲ್ಲ ಹಬ್ಬದಂತೆ ಇತ್ತು. ಅತ್ತೆ ಪತ್ರೊಡೆ ಮಾಡಿದಳು, ಹಲಸಿನ ಹಪ್ಪಳ ಕರಿದಳು. ಸಂಜೆ ಹೊತ್ತಿಗೆ ಸೊಸೆ ಅತ್ತೆಯ ಬಳಿ ಬಂದು ಮೆಲ್ಲಗೆ ಹೇಳಿದಳು: ಅಮ್ಮನ ಬಿ.ಪಿ. ಮಾತ್ರೆ ನಾಳೆ ಬೆಳಿಗ್ಗೆಗೆ ಒಂದೇ ಉಳಿದಿದೆ.

ಅಲ್ಲಿಗೆ ಮನೆಯ ಗಾಳಿ ಬದಲಾಯಿತು. ಗಂಡ ಫೋನು ಹಿಡಿದು ಅಂಗಳದ ಮೂಲೆ ಮೂಲೆಗೆ ಹೋಗಿ ನಿಂತ, ತೊಟ್ಟಿಯ ಕಟ್ಟೆ ಹತ್ತಿದ. ನೆನೆದು ಬಂದವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ತಬ್ಬಿಬ್ಬು. ಬೇಕಾದಾಗ ಹೋಗಬಹುದು ಎಂಬ ನಂಬಿಕೆಯ ಮೇಲೆ ಅವನ ಎರಡು ದಿನದ ನೆಮ್ಮದಿ ನಿಂತಿತ್ತು. ಅದು ಜಾರಿದಾಗ ಅದೇ ಮಳೆ, ಅದೇ ಜೀರುಂಡೆ, ಅದೇ ಮೌನವಾದ ಫೋನು ಬೇರೆಯೇ ಆಗಿಬಿಟ್ಟವು. ‘ಫೋನು ಮೌನವಾಗುವ ಜಾಗ’ ಎಂದು ಬರೆದವಳು ಅವನಿಗೆ ಟವೆಲು ಕೊಟ್ಟೆ.

ಮರುದಿನ ಬೆಳಿಗ್ಗೆ ಮಾವ ಕಂಬಳಿಕೊಪ್ಪೆ ಹಾಕಿಕೊಂಡು ತೋಟದ ಮೇಲಿನ ಮನೆಗೆ ಹೋಗಿ ಬಂದ. ಅಲ್ಲಿಯ ಅಜ್ಜಿಗೂ ಬಿ.ಪಿ. ಇದೆ. ದೇವರ ದಯೆಯೋ ಕಂಪನಿಯ ದಯೆಯೋ, ಅದೇ ಮಾತ್ರೆ, ಅಷ್ಟೇ ಪ್ರಮಾಣದ್ದು. ಸೊಸೆ ಎರಡೂ ಹಾಳೆಗಳನ್ನು ಟಾರ್ಚು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ಅಕ್ಷರ ಅಕ್ಷರ ಓದಿದಳು. ಅಜ್ಜಿ ಹತ್ತು ಮಾತ್ರೆಯ ಒಂದು ಪೂರ್ತಿ ಹಾಳೆ ಕಳಿಸಿದ್ದರು. “ನಿಮಗೆ ಕಡಿಮೆ ಆಗಲ್ವಾ?” ಎಂದು ಸೊಸೆ ಕೇಳಿದ್ದಕ್ಕೆ ಮಾವ ಹೇಳಿದ: ಮೃಗಶಿರಾ ಮಳೆಗೆ ಮೊದಲೇ ಎರಡು ತಿಂಗಳಿನದು ತಂದು ಇಟ್ಟುಕೊಳ್ಳುವುದು ಇಲ್ಲಿ ರೂಢಿ. ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ, ಮಾತ್ರೆ.

ಈ ಮಾತ್ರೆ ಬಿಲ್ಲಿನ ಯಾವ ಸಾಲಿಗೂ ಬರುವುದಿಲ್ಲ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮತ್ತೆ ಮತ್ತೆ ಎಡವಿದ್ದು ಇದೇ.

ಅತಿಥಿ ಎಂಬ ಶಬ್ದಕ್ಕೆ ನಮ್ಮಲ್ಲಿ ಹೇಳುತ್ತ ಬಂದ ವಿವರಣೆ, ತಿಥಿ ಇಲ್ಲದೆ ಬರುವವನು ಎಂದು. ಹಾಗೆ ನೋಡಿದರೆ ತಾರೀಕು ಹಾಕಿ ಮುಂಗಡ ಕೊಟ್ಟು ಬಂದವರು ಅತಿಥಿಗಳಲ್ಲ, ಗ್ರಾಹಕರು. ಆದರೆ ಬುಕಿಂಗಿನ ತಾರೀಕು ಮುಗಿದ ಮೂರನೇ ರಾತ್ರಿಯಿಂದ? ಅವರು ಬರುವಾಗ ಗ್ರಾಹಕರಾಗಿದ್ದು ಹಳ್ಳ ಏರಿದ ಮೇಲೆ ಅತಿಥಿಗಳಾದರೇ? ಕಾಂಟ್ 1795ರಲ್ಲಿ ಬರೆದ, ಶಾಶ್ವತ ಶಾಂತಿಯ ಬಗೆಗಿನ ಪ್ರಬಂಧದಲ್ಲಿ ಪರಕೀಯನ ಹಕ್ಕಿನ ಮಾತು ಬರುತ್ತದೆ. ಅವನ ಪ್ರಕಾರ ಬಂದವನಿಗೆ ಮನೆಯವರಲ್ಲಿ ಒಬ್ಬನಂತೆ ಉಳಿಯುವ ಹಕ್ಕಿಲ್ಲ. ಬಂದು ಮುಖ ತೋರಿಸುವ, ಶತ್ರುವೆಂದು ಕಾಣಿಸಿಕೊಳ್ಳದಿರುವ ಹಕ್ಕು ಮಾತ್ರ ಇದೆ. ಬೇಡವೆಂದರೆ ಕಳಿಸಬಹುದು, ಆದರೆ ಕಳಿಸಿದರೆ ಅವನು ಹಾಳಾಗುವಂತಿದ್ದರೆ ಕಳಿಸುವಂತಿಲ್ಲ. ನಮ್ಮ ಪ್ರಸಂಗಕ್ಕೆ ಹೇಳಿ ಬರೆಸಿದಂತಿದೆ. ಮೂರನೇ ನಾಲ್ಕನೇ ರಾತ್ರಿ ಅವರಿಗೆ ನಮ್ಮ ಸೂರಿನ ಮೇಲೆ ಹಕ್ಕಿತ್ತು, ಹಕ್ಕಿಗೆ ಬಾಡಿಗೆ ಹಾಕುವುದು ಹೇಗೆ ಎಂದು ನಾನು ಜಗಲಿಯಲ್ಲಿ ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮಾವ ಪೂರ್ತಿ ಕೇಳಿ, “ಸರಿ, ಅಕ್ಕಿ ಯಾರದ್ದು?” ಎಂದ. ಕಾಂಟನ ಸೇವಕ ಇದೇ ಪ್ರಶ್ನೆ ಕೇಳಿದ್ದರೆ ಆ ಪ್ರಬಂಧ ಇನ್ನೆರಡು ಪುಟ ಉದ್ದವಾಗುತ್ತಿತ್ತೋ ಏನೋ.

ಅತ್ತೆಯ ಪಕ್ಷಕ್ಕೆ ನಚಿಕೇತನ ಕತೆಯಿದೆ. ಯಮನ ಮನೆ ಬಾಗಿಲಲ್ಲಿ ಹುಡುಗ ಮೂರು ರಾತ್ರಿ ಉಪವಾಸ ಕಾದ. ಬಂದ ಯಮ ರಾತ್ರಿಗೊಂದರಂತೆ ಮೂರು ವರ ಕೊಡಬೇಕಾಯಿತು. ಅಲ್ಲಿ ರಾತ್ರಿಯ ಲೆಕ್ಕವೇನೋ ಇದೆ, ಆದರೆ ಸಾಲಗಾರ ಮನೆಯ ಯಜಮಾನ. ಇದನ್ನು ಹೇಳಿದಾಗ ಅತ್ತೆಗೆ ಖುಷಿಯಾಯಿತು. ಆದರೆ ಕತೆಯನ್ನು ಅಲ್ಲಿಗೇ ಬಿಡುವವಳಲ್ಲ ಅವಳು. “ಯಮನ ಹೆಂಡತಿ ಎಲ್ಲಿದ್ದಿತ್ತು ಆವಾಗ?” ಎಂದು ಕೇಳಿದಳು.

ನಗೆಯಾಡಿದ ಮಾತು, ಆದರೆ ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಅದು ಅಲುಗಾಡಿಸಿದೆ. ದುಡ್ಡು ಬಂದು ನಮ್ಮ ಹಳೆಯ ಆತಿಥ್ಯ ಕೆಟ್ಟಿತು ಎಂಬ ಕೊರಗನ್ನು ನಾನು ಶಿರಸಿ ಪೇಟೆಯಲ್ಲಿ, ಮದುವೆ ಮನೆಗಳಲ್ಲಿ, ಎಷ್ಟೋ ಲೇಖನಗಳಲ್ಲಿ ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ಗಂಡಸರು. ತಿಥಿ ಇಲ್ಲದೆ ಬರುತ್ತಿದ್ದವರಿಗೆ ಅಜ್ಜ ಜಗಲಿಯಲ್ಲಿ ಕವಳದ ತಟ್ಟೆ ಮುಂದೆ ಸರಿಸುತ್ತಿದ್ದ, ನಿಜ. ಅದೇ ಹೊತ್ತಿಗೆ ಒಳಗೆ ಒಬ್ಬಳು ಆರಿದ ಒಲೆಗೆ ಮತ್ತೆ ಬೆಂಕಿ ಹಾಕಿ, ತನ್ನ ಪಾಲಿನ ಅನ್ನವನ್ನು ಬಡಿಸಿ, ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಎಲ್ಲ ಅತಿಥಿಗಳೂ ಒಂದೇ ಜಾಗದಲ್ಲಿ ಕೂರುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಯಾರಿಗೆ ಒಳಗೆ ಎಲೆ, ಯಾರಿಗೆ ಜಗಲಿ, ಯಾರಿಗೆ ಅಂಗಳ ಎಂಬುದನ್ನು ಜಾತಿ ಮೊದಲೇ ಬರೆದಿಟ್ಟಿತ್ತು. ಹೋಮ್‌ಸ್ಟೇ ಬಂದ ಮೇಲೆ ನಾಳೆ ಎಷ್ಟು ಜನ ಎಂದು ಅತ್ತೆಗೆ ಗೊತ್ತಿರುತ್ತದೆ. ದುಡ್ಡಿನ ಅರ್ಧ ಅವಳ ಖಾತೆಗೇ ಹೋಗುತ್ತದೆ, ಅದನ್ನು ಅವಳೇ ಹಟ ಹಿಡಿದು ಮಾಡಿಸಿಕೊಂಡದ್ದು. ದುಡ್ಡು ಕೊಟ್ಟವರು ಯಾವ ಜಾತಿಯಾದರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಬಿಲ್ಲು ಅಷ್ಟು ಕೆಟ್ಟ ವಸ್ತುವೇನಲ್ಲ. ಲೆಕ್ಕ ಚುಕ್ತಾ ಆಗುವುದರಲ್ಲಿ ಒಂದು ಬಿಡುಗಡೆಯಿದೆ. ತೀರದ ಋಣಗಳ ಬಗ್ಗೆ ನಾವು ಹಾಡಿ ಹೊಗಳುವಾಗ ಅವನ್ನು ಹೊತ್ತವರ ಬೆನ್ನನ್ನು ಅಷ್ಟಾಗಿ ನೋಡುವುದಿಲ್ಲ.

ಹಾಗಿದ್ದೂ ಅದೇ ಅತ್ತೆ ಎರಡು ರಾತ್ರಿಯ ದುಡ್ಡು ಬೇಡ ಎಂದಳು. ಯಾಕೆಂದು ಆಮೇಲೆ ಕೇಳಿದೆ. ಅವಳು ಹೇಳಿದ್ದರ ಸಾರ ಇಷ್ಟು: ಎದ್ದು ಹೋಗಬಲ್ಲವನು ಕೂತಿದ್ದರೆ ದುಡ್ಡು ಕೇಳಬಹುದು. ಹೋಗಲಾರದವನ ಹತ್ತಿರ ಕೇಳಿದರೆ ಅವನು ಹೂಂ ಎನ್ನದೆ ಏನು ಮಾಡುತ್ತಾನೆ?

ಇಷ್ಟು ಸರಳವಾಗಿ ನಾನು ಎಲ್ಲೂ ಓದಿರಲಿಲ್ಲ. ಒಪ್ಪಂದವೆನ್ನುವುದು ಎರಡೂ ಕಡೆಯವರಿಗೆ ಬಾಗಿಲು ತೆರೆದಿರುವಾಗಿನ ಮಾತು. ಹಳ್ಳ ಮುಚ್ಚಿದ ಬಾಗಿಲಿನ ಮುಂದೆ ದರಪಟ್ಟಿ ಹಿಡಿದು ನಿಲ್ಲುವುದು ವ್ಯಾಪಾರವಲ್ಲ. ಕೊನೆಗೆ ಮಾವ ಬಿಲ್ಲಿನಲ್ಲಿ ‘2 ರಾತ್ರಿ’ ಎಂದೇ ಬರೆದ. ಒಬ್ಬರಿಗೆ ದಿನಕ್ಕೆ ಊಟತಿಂಡಿ ಸೇರಿ 1,800 ರೂಪಾಯಿ, ಮಗುವಿಗೆ ಅರ್ಧ. ಆದರೆ ಗಂಡ ಯಲ್ಲಾಪುರ ಮುಟ್ಟಿ ನೆಟ್‌ವರ್ಕ್ ಸಿಕ್ಕ ಕೂಡಲೇ ನಾಲ್ಕು ರಾತ್ರಿಯದನ್ನೂ ಕಳಿಸಿದ್ದ. ಅವನಿಗೂ ಅವನ ಮಾನ ಇರುತ್ತದಲ್ಲ. ಅತ್ತೆ ಎರಡು ದಿನ ಮುಖ ಬಿಗಿದುಕೊಂಡು ಓಡಾಡಿದಳು, ಮಾವ ವಾಪಸು ಕಳಿಸುತ್ತೇನೆಂದು ಹೇಳಿ ಕಳಿಸಲಿಲ್ಲ. ಆ ವಾರ ಮೈಲುತುತ್ತಕ್ಕೆ ದುಡ್ಡು ಬೇಕಿತ್ತು.

ಇಲ್ಲಿಗೆ ಈ ಪ್ರಸಂಗ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇನ್ನೊಂದು ಲೆಕ್ಕ ಇತ್ತು, ಅದನ್ನು ಯಾರೂ ಎತ್ತಲಿಲ್ಲ.

ಅಡುಗೆಮನೆಯ ನೆರವಿಗೆ, ಕೋಣೆ ಗುಡಿಸಿ ಒರೆಸಲಿಕ್ಕೆ ಹಳ್ಳದಾಚೆಯ ಕೇರಿಯಿಂದ ಒಬ್ಬಳು ಅಕ್ಕ ಬರುತ್ತಾಳೆ. ದಿನಕ್ಕೆ ನಾನೂರು ರೂಪಾಯಿ, ಬಂದ ದಿನಕ್ಕೆ ಮಾತ್ರ. ಆ ಎರಡು ದಿನ ಅವಳು ಆಚೆ ದಡದಲ್ಲಿ ಉಳಿದಳು. ಮೊದಲ ಬೆಳಿಗ್ಗೆ ದಡದವರೆಗೆ ಬಂದು, ಪ್ಲಾಸ್ಟಿಕ್ ಕೊಪ್ಪೆಯ ಒಳಗಿನಿಂದ ಕೈ ಬೀಸಿ ಏನೋ ಕೂಗಿದ್ದಳು. ನೀರಿನ ಸದ್ದಿಗೆ ಕೇಳಲಿಲ್ಲ. ಬೆಂಗಳೂರಿನ ಹುಡುಗಿ ಅವಳಿಗೆ ಕೈ ಬೀಸಿದಳು. ಅದೇ ಹಳ್ಳ ನಾಲ್ಕು ಜನರನ್ನು ಈಚೆಗೆ ತಡೆದದ್ದನ್ನು ನಾವು ಧರ್ಮಸಂಕಟ ಎಂದು ಮೂರು ದಿನ ಚರ್ಚಿಸಿದೆವು. ಕಾಂಟ್ ಬಂದ, ನಚಿಕೇತ ಬಂದ. ಒಬ್ಬಳನ್ನು ಆಚೆಗೆ ತಡೆದದ್ದು ಬರೀ ‘ಬರಲಿಲ್ಲ’ ಎಂದಾಯಿತು. ಕ್ಯಾಲೆಂಡರಿನಲ್ಲಿ ಅತ್ತೆ ಆ ಎರಡು ತಾರೀಕಿಗೆ ಗುರುತು ಹಾಕಲಿಲ್ಲ, ಅಷ್ಟೆ. ಹೋಗಲಾರದವನಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು ಅಷ್ಟು ಚೆನ್ನಾಗಿ ಹೇಳಿದ ಅತ್ತೆಗೂ, ಬರಲಾರದವಳ ದುಡ್ಡು ಹಿಡಿಯಬಾರದು ಎಂಬುದು ಹೊಳೆಯಲಿಲ್ಲ. ಋಣದ ಸಂಶೋಧಕಿಗೂ ಹೊಳೆಯಲಿಲ್ಲ. ನನಗದು ಹೊಳೆದದ್ದು ಧಾರವಾಡದ ಹಾಸ್ಟೆಲಿನಲ್ಲಿ, ಈ ಪ್ರಸಂಗವನ್ನು ಗೆಳತಿಗೆ ಬಣ್ಣ ಕಟ್ಟಿ ಹೇಳುತ್ತಿದ್ದಾಗ. ಅವಳು ಇಷ್ಟೇ ಕೇಳಿದ್ದು: ಮತ್ತೆ ಪಾತ್ರೆ ಯಾರು ತೊಳೆದರು?

ಹಾಗೆಂದು ಕೂಡಲೇ ಫೋನು ಮಾಡಿ ಹೇಳಿದೆನೇ ಎಂದರೆ ಇಲ್ಲ. ಮಾವನ ಮನೆಯ ಲೆಕ್ಕ ಎಂದು ಸುಮ್ಮನಿದ್ದೆ. ದಸರಾ ರಜೆಗೆ ಹೋದಾಗ ಅಂತೂ ಮಾತು ಎತ್ತಿದೆ. ಮಾವ ವಾದ ಮಾಡಲಿಲ್ಲ, ಎಂಟುನೂರು ರೂಪಾಯಿ ತಂದು ಅಕ್ಕನ ಕೈಗೆ ಕೊಟ್ಟ. ಅವಳು ಯಾವ ದಿನದ್ದೆಂದು ಕೇಳಿ ತಿಳಿದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಗುತ್ತ ಹೇಳಿದಳು: “ಹಂಗಾದ್ರೆ ಹಿಂದಿನ ಮಳೆಗಾಲದ್ದೂ ಲೆಕ್ಕ ಹಾಕ್ಬೇಕಾ ಹೆಗಡೇರೆ? ಅದರ ಹಿಂದಿಂದು?”

ಮಾವನೂ ನಕ್ಕ. ನಾನು ನೆಲ ನೋಡಿದೆ.

ಬೆಂಗಳೂರಿನ ಗಂಡ ಅಂತರ್ಜಾಲದಲ್ಲಿ ನಮ್ಮ ಹೋಮ್‌ಸ್ಟೇಗೆ ಐದು ನಕ್ಷತ್ರ ಕೊಟ್ಟು ಉದ್ದಕ್ಕೆ ಬರೆದಿದ್ದ. ಹಳ್ಳ ಏರಿದ್ದು, ಸಿಕ್ಕಿಬಿದ್ದದ್ದು, ಮಾತ್ರೆ ಬಂದದ್ದು, ಮಗಳು ಮೊದಲ ಸಲ ಫೋನಿಲ್ಲದೆ ಎರಡು ದಿನ ಕಳೆದದ್ದು. ‘ನಿಜವಾದ ದ್ವೀಪದ ಅನುಭವ’ ಎಂದು ಮುಗಿಸಿದ್ದ. ಅಂಗಳದಲ್ಲಿ ನೆನೆಯುತ್ತ ನಿಂತ ಆ ಮುಖ ನನಗೆ ನೆನಪಿತ್ತು. ಅವನಿಗೂ ನೆನಪಿತ್ತೇನೋ. ಆದರೆ ದಾಟಿ ಹೋದವನಿಗೆ ಭಯ ಕೂಡ ಕತೆಯಾಗುತ್ತದೆ, ಅದು ಅವನ ತಪ್ಪಲ್ಲ. ಆಗಸ್ಟಿನಲ್ಲಿ ಫೋನು ಮಾಡಿದವರಲ್ಲಿ ಇಬ್ಬರು ಮೂವರು, ನಾವು ಬರುವ ವಾರ ಹಳ್ಳ ಏರಬಹುದೇ ಎಂದು ಕೇಳಿದರಂತೆ. ಏರಬೇಕು ಎಂಬ ಆಸೆಯಿಂದ. ಮಾವ ಏನು ಹೇಳಿದೆ ಎಂದರೆ, “ಮಳೆ ಚಲೋ ಇದ್ದು ಹೇಳಿ ಹೇಳ್ದೆ” ಎಂದ, ಸ್ವಲ್ಪ ನಾಚಿಕೆಯಿಂದ.

ನನಗೆ ಅಂಜಿಕೆಯಾದದ್ದು ಆಗ. ಹಳ್ಳಕ್ಕೆ ಸೇತುವೆ ಬೇಕೆಂದು ಆ ಕಣಿವೆಯವರು ನನಗೆ ಬುದ್ಧಿ ಬಂದಾಗಿನಿಂದ ಅರ್ಜಿ ಕೊಡುತ್ತಿದ್ದಾರೆ. ಮೇಲಿನ ಮನೆಯ ಅಜ್ಜನನ್ನು ಮಳೆಗಾಲದಲ್ಲಿ ಖುರ್ಚಿಗೆ ಕಟ್ಟಿ ಬೆಟ್ಟದ ದಾರಿಯಲ್ಲಿ ಹೊತ್ತುಕೊಂಡು ಹೋದವರಲ್ಲಿ ಮಾವನೂ ಒಬ್ಬ. ಶಿರಸಿಯ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಮೇಲಿನ ಮನೆಯ ಅಜ್ಜಿ ಎರಡು ತಿಂಗಳ ಮಾತ್ರೆ ಕೂಡಿಡುವುದು ಸುಮ್ಮನೆ ಬಂದ ರೂಢಿಯಲ್ಲ. ಅಂಥ ಮಾವ ಕಳೆದ ಸಲದ ಅರ್ಜಿಗೆ ಸಹಿ ಹಾಕುವಾಗ ಸ್ವಲ್ಪ ತಡೆದ ಎಂದು ಅತ್ತೆ ಹೇಳಿದಳು. ಹಾಕಿದ, ಹಾಕದೇ ಇರಲಿಲ್ಲ. ಆದರೆ ತಡೆದ. ಸೇತುವೆಯಾದರೆ ರಸ್ತೆ ಡಾಂಬರಾಗುತ್ತದೆ, ಆಚೆ ದಡದಲ್ಲಿ ಇನ್ನೆರಡು ಹೋಮ್‌ಸ್ಟೇ ಏಳುತ್ತವೆ, ‘ಕಾಡಿನ ನಡುವಿನ ದ್ವೀಪ’ ಎಂಬ ಮಾತಿಗೆ ಬೆಲೆ ಇರುವುದಿಲ್ಲ.

ಅತಿಥಿಯಿಂದ ದುಡ್ಡು ತೆಗೆದುಕೊಳ್ಳುವುದರಲ್ಲಿ ನನಗೆ ಈಗ ತಪ್ಪು ಕಾಣುವುದಿಲ್ಲ. ನನ್ನನ್ನು ಕಾಡುವುದು ಮಾವನ ಆ ತಡೆ, ಮತ್ತು ಅದನ್ನು ಬರೆದು ಕೊಟ್ಟವಳು ನಾನು ಎಂಬುದು. ತನ್ನ ಊರಿನ ಕಷ್ಟವನ್ನು ಮಾರುವವನಿಗೆ ಆ ಕಷ್ಟ ಉಳಿಯಬೇಕು ಎಂಬ ಆಸೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ಗೊತ್ತೇ ಆಗುವುದಿಲ್ಲ. ಅವನು ಕೆಟ್ಟವನಾಗಬೇಕಿಲ್ಲ, ತೋಟಕ್ಕೆ ಕೊಳೆ ಬಂದಿದ್ದರೆ ಸಾಕು. ಕಷ್ಟ ಅವನೊಬ್ಬನದೇ ಆಗಿದ್ದರೆ ಮಾರಿಕೊಳ್ಳಲಿ ಎನ್ನಬಹುದಿತ್ತು. ಹಳ್ಳ ಮಾತ್ರ ಎಲ್ಲರದು. ಮೇಲಿನ ಮನೆಯ ಅಜ್ಜಿಯದು, ಆಚೆ ಕೇರಿಯ ಅಕ್ಕನದು, ಅವಳ ಎಂಟನೇ ಕ್ಲಾಸಿನ ಮಗಳದು. ಆ ಹುಡುಗಿ ಮಳೆಗಾಲದಲ್ಲಿ ಶಾಲೆ ತಪ್ಪಿಸಿಕೊಂಡ ದಿನಗಳಿಗೆ ಯಾರೂ ನಕ್ಷತ್ರ ಕೊಡುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಬಿಟ್ಟರೆ ನಾನು ಸೇತುವೆಯ ಗುತ್ತಿಗೆದಾರರ ವಕೀಲಳಾಗುತ್ತೇನೆ. ರಸ್ತೆ ಬಂದಲ್ಲೆಲ್ಲ ಕಾಡು ಹೋದದ್ದನ್ನೂ ಈ ತಾಲ್ಲೂಕುಗಳು ನೋಡಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇದೇ ಕಾರಣಕ್ಕೆ. ನಮ್ಮ ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಕಾಡುಜಾಜಿ ಮರಗಳು ಬೇರನ್ನು ನೀರ ಮೇಲೆತ್ತಿ ನಿಂತಿವೆ. ಜನ ಸುಲಭವಾಗಿ ಒಳಗೆ ಹೋಗಲಾರದ್ದರಿಂದಲೂ ಅವು ಉಳಿದವು ಎಂದು ನನಗನಿಸುತ್ತದೆ. ದುರ್ಗಮವಾದದ್ದಕ್ಕೆ ತನ್ನದೇ ಒಂದು ಕಾವಲಿದೆ, ಒಪ್ಪುತ್ತೇನೆ. ಆದರೆ ಕಾಡು ಉಳಿಯಲಿಕ್ಕೆ ಅಜ್ಜಿಯ ಔಷಧ ತಡವಾಗಲಿ ಎಂದು ಹೇಳುವ ಹಕ್ಕು ಯಾರಿಗಿದೆ? ಎರಡು ರಾತ್ರಿಗೆ ಬಂದವನಿಗಂತೂ ಇಲ್ಲ. ಧಾರವಾಡದಲ್ಲಿ ಕೂತು ರಜೆಗೆ ಬರುವ ನನಗಿದೆಯೇ ಎಂದರೆ, ನನಗೂ ಇಲ್ಲ ಎಂದೇ ಕಾಣುತ್ತದೆ. ಅಲ್ಲಿ ಇಡೀ ಮಳೆಗಾಲ ಇರುವವರು ಹಾಗೆ ಹೇಳಿದರೆ ಕೇಳಬಹುದು. ಅವರು ಹೇಳುತ್ತಿರುವುದು ಸೇತುವೆ ಬೇಕು ಎಂದು.

ದೀಪಾವಳಿಗೆ ಹೋದಾಗ ಜಾಹೀರಾತು ತಿದ್ದಿದೆ. ‘ದ್ವೀಪ’ ತೆಗೆದೆ. ಮಳೆಗಾಲದಲ್ಲಿ ಹಳ್ಳ ಏರಿದರೆ ದಾರಿ ನಿಲ್ಲುತ್ತದೆ, ಬರುವವರು ವಾರಕ್ಕಾಗುವಷ್ಟು ಔಷಧ ಹೆಚ್ಚಿಗೆ ತರಬೇಕು, ತಡೆದ ದಿನಗಳಿಗೆ ಕೋಣೆಯ ಬಾಡಿಗೆ ಇಲ್ಲ, ಊಟದ ಖರ್ಚು ಮಾತ್ರ, ಅದರಲ್ಲಿ ಆ ದಿನ ಬರಲಾಗದ ಕೆಲಸದವರ ಸಂಬಳವೂ ಸೇರಿದೆ ಎಂದು ಬರೆದೆ. ಕೊನೆಯ ಸಾಲಿಗೆ ಮಾವ ಹುಬ್ಬು ಏರಿಸಿದ, ಅತ್ತೆ ಇರಲಿ ಎಂದಳು. ಓದಿದರೆ ಜಾಹೀರಾತಿಗಿಂತ ಪಂಚಾಯ್ತಿ ನೋಟೀಸಿನಂತೆ ಇದೆ. ಬುಕಿಂಗು ಕಡಿಮೆಯಾಯಿತೋ ಇಲ್ಲವೋ ಮುಂದಿನ ಮಳೆಗೆ ಗೊತ್ತಾಗಬೇಕು.

ಹೊರಡುವ ದಿನ ಹಳ್ಳ ಮೊಣಕಾಲಿಗೆ ಇಳಿದಿತ್ತು. ಮೋರಿಯ ಪಕ್ಕದ ಬಂಡೆಯ ಮೇಲೆ ಕೆಂಪು ಬಣ್ಣದ ಗೆರೆ, ಕೆಳಗೆ ಒಂದು ಸಂಖ್ಯೆ. ಅಳತೆಯವರು ಬಂದು ಹೋದರಂತೆ. ಹಿಂದೆಯೂ ಎರಡು ಸಲ ಬಂದಿದ್ದರು, ಆ ಬಣ್ಣ ಮಳೆಗೆ ಹೋಗಿತ್ತು. ಈ ಸಲದ್ದು ಆಯಿಲ್ ಪೇಂಟು ಎಂದ ಮಾವ, ಉಗುರಿನಿಂದ ಕೆರೆದು ನೋಡುತ್ತ.